ಗದ್ದುಗೆಯಲ್ಲಿ ಸ್ಥಳವಿಲ್ಲದ ಮಗಳು: ಹಾಲೇರಿ ಅರಸುಮನೆತನದ ದುರಂತ

ಮಡಿಕೇರಿಯ ಮಹದೇವಪೇಟೆಯನ್ನು ದಾಟಿ ಗುಡ್ಡವನ್ನೇರಿದರೆ ಸಿಗುವ, ಕೊಡಗಿನ ಅರಸರ ಸಮಾಧಿಗಳಿರುವ ಸ್ಥಳಕ್ಕೆ ಗದ್ದುಗೆ ಎಂಬ ಹೆಸರು ರೂಢಿಯಲ್ಲಿದೆ. ಮೃತರನ್ನು ದಹಿಸದೆ, ಕುಳಿತ ಭಂಗಿಯಲ್ಲಿ ಭೂಮಿಗೆ ಒಪ್ಪಿಸುವುದು ವೀರಶೈವ ಸಂಪ್ರದಾಯವಾಗಿದ್ದು, ಹಾಗೆ ಸಮಾಧಿಸ್ಥರಾದ ಗುರುಗಳ ಅಥವಾ ಅರಸರ ಮೇಲೆ ಕಟ್ಟಿ ಪೂಜೆ ಸಲ್ಲಿಸುವ ಪೀಠವೇ ಗದ್ದುಗೆ. ಕೊಡಗನ್ನು ಹದಿನೇಳನೆಯ ಶತಮಾನದ ಆರಂಭದಿಂದ 1834ರವರೆಗೆ ಆಳಿದ ಹಾಲೇರಿ ಅರಸರು ವೀರಶೈವರಾಗಿದ್ದುದರಿಂದ, ಕೊಡವರು ಬಹುಸಂಖ್ಯೆಯಲ್ಲಿದ್ದ ಆ ನಾಡಿನ ರಾಜಧಾನಿಯಲ್ಲಿ ಈ ಬಗೆಯ ಸಮಾಧಿಗಳು ಎದ್ದು ನಿಂತವು. ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಸಣ್ಣ ಗೋಪುರಗಳು, ಮೇಲೆ ಅಲ್ಲಲ್ಲಿ ಕುಳಿತ ಬಸವನ ಮೂರ್ತಿಗಳು ಹೀಗೆ ಮುಸಲ್ಮಾನ ಶೈಲಿಯ ಕಟ್ಟಡಕ್ಕೆ ಶೈವ ಲಾಂಛನಗಳನ್ನು ಕೂಡಿಸಿ ಕಟ್ಟಿದ ಈ ಸಮಾಧಿಗಳಲ್ಲಿ ಮುಖ್ಯವಾದವು ಮೂರು. ಒಂದರಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ಅವನ ರಾಣಿ ಮಹದೇವಮ್ಮಾಜಿ, ಇನ್ನೊಂದರಲ್ಲಿ ಅವನ ತಮ್ಮ ಲಿಂಗರಾಜೇಂದ್ರ ಮತ್ತು ರಾಣಿ ದೇವಮ್ಮಾಜಿ, ಮೂರನೆಯದರಲ್ಲಿ ರಾಜಗುರು ರುದ್ರಪ್ಪ ಸಮಾಧಿಸ್ಥರಾಗಿದ್ದಾರೆ. ಟಿಪ್ಪುವಿನ ವಿರುದ್ಧದ ಕಾಳಗದಲ್ಲಿ ಮಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಇದೇ ಆವರಣದಲ್ಲಿದ್ದು, ಅರಸರು ನಂಬಿದ ಬಂಟರಿಗೂ ತಮ್ಮ ಪಕ್ಕದಲ್ಲೇ ನೆಲ ಕೊಟ್ಟರೆಂಬುದಕ್ಕೆ ಸಾಕ್ಷಿಯಾಗಿವೆ.

ಈ ಎರಡು ದಂಪತಿಗಳ ಗುಮ್ಮಟಗಳನ್ನು ಜೊತೆಜೊತೆಯಾಗಿ ನೋಡುವವರಿಗೆ ಅಣ್ಣತಮ್ಮಂದಿರು ಕ್ರಮವಾಗಿ ಆಳಿ ಕ್ರಮವಾಗಿ ತೀರಿಕೊಂಡ ಒಂದು ನೆಮ್ಮದಿಯ ವಂಶದ ಕಲ್ಪನೆ ಮೂಡುವುದು ಸಹಜ. ನಡೆದದ್ದು ಅದಲ್ಲ. ಅಣ್ಣನು ತನ್ನ ಸಿಂಹಾಸನವನ್ನು ಬರೆದುಕೊಟ್ಟದ್ದು ತಮ್ಮನಿಗಲ್ಲ, ಮಗಳಿಗೆ. ಆ ಮಗಳಿಂದ ತಮ್ಮನು ರಾಜ್ಯವನ್ನು ಕಸಿದುಕೊಂಡನು, ತಮ್ಮನ ಮಗನ ಆಳ್ವಿಕೆಯಲ್ಲಿ ಆಕೆ ಕೊಲೆಯಾದಳು. ಆ ಮಗಳ ಹೆಸರೂ ದೇವಮ್ಮಾಜಿ. ಲಿಂಗರಾಜೇಂದ್ರನ ರಾಣಿಯೂ ಮಗಳೂ ಅದೇ ಹೆಸರಿನವರಾಗಿದ್ದುದರಿಂದ ಓದುಗರು ಮೂವರು ದೇವಮ್ಮಾಜಿಯರನ್ನು ಬೇರೆಬೇರೆಯಾಗಿ ನೆನಪಿಡಬೇಕಾಗುತ್ತದೆ. ಗದ್ದುಗೆಯಲ್ಲಿರುವವಳು ರಾಣಿ, ಮುಂದೆ ಮೈಸೂರು ಸೀಮೆಗೆ ತಪ್ಪಿಸಿಕೊಂಡು ಹೋದವಳು ಲಿಂಗರಾಜೇಂದ್ರನ ಮಗಳು, ಮತ್ತು ಆ ಗುಡ್ಡದ ಮೂರು ಗದ್ದುಗೆಗಳಲ್ಲಿ ಯಾವುದರಲ್ಲೂ ಸ್ಥಳ ದೊರೆಯದವಳು ದೊಡ್ಡ ವೀರರಾಜೇಂದ್ರನ ಹಿರಿಯ ಮಗಳು. ಕೊಡಗಿನ ಸ್ವಾತಂತ್ರ್ಯ ಅಳಿದುದಕ್ಕೆ ಸಾಮಾನ್ಯವಾಗಿ ಕೊನೆಯ ಅರಸನ ಕ್ರೌರ್ಯವನ್ನೋ ಈಸ್ಟ್ ಇಂಡಿಯಾ ಕಂಪನಿಯ ರಾಜ್ಯದಾಹವನ್ನೋ ಕಾರಣವಾಗಿ ಹೇಳುತ್ತಾರೆ. ಎರಡೂ ನಿಜವೇ ಆದರೂ, ಇವಕ್ಕೆ ಕಾಲು ಶತಮಾನದಷ್ಟು ಹಿಂದೆ ಒಬ್ಬ ಬಾಲಕಿಯ ಹಕ್ಕನ್ನು ಮನೆಯವರೇ ತುಳಿದದ್ದು ಈ ಕಥೆಯ ಬೇರು.

ಹಾಲೇರಿಯವರು ತಮ್ಮನ್ನು ಇಕ್ಕೇರಿ ಅಥವಾ ಕೆಳದಿಯ ನಾಯಕರ ಸಂಬಂಧಿಕರೆಂದು ಹೇಳಿಕೊಳ್ಳುತ್ತಿದ್ದರು. ಹಾಲೇರಿ ಗ್ರಾಮದಲ್ಲಿದ್ದ ರಾಜಧಾನಿಯನ್ನು ಮುದ್ದುರಾಜನು 1681ರಲ್ಲಿ ಮಡಿಕೇರಿಗೆ ತಂದನು. ಮುಂದೆ ಮನೆತನವು ಹಾಲೇರಿ, ಹೊರಮಲೆ ಎಂಬ ಎರಡು ಕವಲುಗಳಾಗಿ ಒಡೆದು, ಹದಿನೆಂಟನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಈ ಕವಲುಗಳ ನಡುವಿನ ಉತ್ತರಾಧಿಕಾರದ ಜಗಳ ಹೈದರಾಲಿಗೆ ಕೊಡಗಿನ ಬಾಗಿಲು ತೆರೆಯಿತು. ಹೈದರನ ನೆರವಿನಿಂದ ಹಾಲೇರಿ ಕವಲಿನ ಲಿಂಗರಾಜ ಗೆದ್ದನು. ಹೊರಮಲೆಯ ದೇವಪ್ಪರಾಜನು ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಪ್ರಾಣ ಕಳೆದುಕೊಂಡನು. ಗೆದ್ದವನ ಮನೆಗೂ ಆ ಗೆಲುವು ದಕ್ಕಲಿಲ್ಲ. 1780ರಲ್ಲಿ ಲಿಂಗರಾಜನು ತೀರಿಕೊಂಡಾಗ ಮಕ್ಕಳು ಚಿಕ್ಕವರೆಂಬ ನೆಪದಿಂದ ಹೈದರನು ಕೊಡಗಿನ ಆಡಳಿತವನ್ನು ಒಬ್ಬ ಕರಣಿಕನಿಗೆ, ಎಂದರೆ ಲೆಕ್ಕಪತ್ರ ನೋಡುವ ಅಧಿಕಾರಿಗೆ ಒಪ್ಪಿಸಿ, ರಾಜಕುಮಾರರನ್ನು ಮೊದಲು ಗೊರೂರಿನ ಕೋಟೆಯಲ್ಲಿರಿಸಿದನು. ಟಿಪ್ಪುವಿನ ಕಾಲದಲ್ಲಿ ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಲಾಯಿತು. ಆ ರಾಜಕುಮಾರರಲ್ಲಿ ಹಿರಿಯವನೇ ಮುಂದಿನ ದೊಡ್ಡ ವೀರರಾಜೇಂದ್ರ, ಕಿರಿಯರು ಅಪ್ಪಾಜಿ ಮತ್ತು ತಂದೆಯ ಹೆಸರನ್ನೇ ಹೊತ್ತ ಲಿಂಗರಾಜ, ಎಂದರೆ ಮುಂದಿನ ಲಿಂಗರಾಜೇಂದ್ರ. ಮುಂದೆ ಒಬ್ಬರ ಸಂತಾನವನ್ನು ಇನ್ನೊಬ್ಬರ ಸಂತಾನ ಅಳಿಸುವಷ್ಟು ದೂರವಾದ ಈ ಶಾಖೆಗಳ ಮೂಲಪುರುಷರು ಬಾಲ್ಯದಲ್ಲಿ ಒಂದೇ ಸೆರೆಯಲ್ಲಿ ಬೆಳೆದವರೆಂಬುದು ಗಮನಿಸಬೇಕಾದ ಸಂಗತಿ.

1788ರ ಕೊನೆಯಲ್ಲಿ ಕೊಡವರ ಸಹಾಯದಿಂದ ವೀರರಾಜೇಂದ್ರನು ಕುಟುಂಬಸಹಿತ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು ಕೊಡಗಿನ ಕಾಡುಗಳಿಂದ ಯುದ್ಧ ಆರಂಭಿಸಿದನು. 1790ರಲ್ಲಿ ಅವನು ತಲಚೇರಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳೊಡನೆ ಒಪ್ಪಂದ ಮಾಡಿಕೊಂಡು, ಮರುವರ್ಷ ಶ್ರೀರಂಗಪಟ್ಟಣದತ್ತ ಹೊರಟ ಜನರಲ್ ಅಬರ್‌ಕ್ರಾಂಬಿಯ ಸೈನ್ಯಕ್ಕೆ ತನ್ನ ಘಟ್ಟಗಳ ದಾರಿಯನ್ನೂ ದವಸವನ್ನೂ ಒದಗಿಸಿದನು. ಅವರಿಬ್ಬರ ಭೇಟಿಯ ನೆನಪಿಗೆ ನಿರ್ಮಿಸಿದ ಪೇಟೆಯೇ ಇಂದಿನ ವಿರಾಜಪೇಟೆ. ಟಿಪ್ಪುವು ಜಾಫರಾಬಾದ್ ಎಂದು ಹೆಸರಿಟ್ಟು ಕಲ್ಲಿನಲ್ಲಿ ಕಟ್ಟಿಸಿದ್ದ ಮಡಿಕೇರಿಯ ಕೋಟೆ ವೀರರಾಜೇಂದ್ರನ ವಶವಾದ ಮೇಲೂ ಅವನ ಮನಸ್ಸು ಆ ಕೋಟೆಯನ್ನು ಪೂರ್ಣವಾಗಿ ನಂಬಿದಂತಿಲ್ಲ. ಕಕ್ಕಬೆಯ ಬಳಿ, ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳಿನ ಬುಡದಲ್ಲಿ, ದಟ್ಟವಾದ ಕಾಡಿನ ನಡುವೆ 1792ರಿಂದ 1794ರ ಅವಧಿಯಲ್ಲಿ ಅವನು ಕಟ್ಟಿಸಿದ ನಾಲ್ಕುನಾಡು ಅರಮನೆ ಸೆರೆಮನೆಯನ್ನು ಕಂಡು ಬಂದವನು ಕಟ್ಟಿಸಿದ ಮನೆ ಎಂಬುದು ಅದರ ರಚನೆಯಿಂದಲೇ ತಿಳಿಯುತ್ತದೆ. ಹೊರಗಿನಿಂದ ನೋಡಿದರೆ ಕಂಬಗಳ ಜಗಲಿಯುಳ್ಳ, ಎರಡು ಅಂತಸ್ತಿನ, ಬಣ್ಣದ ಚಿತ್ತಾರಗಳಿಂದ ಕೂಡಿದ ಸುಂದರ ಕಟ್ಟಡ. ಒಳಗೆ ಹೋದಂತೆಲ್ಲ ಬೆಳಕು ಕಡಿಮೆಯಾಗುತ್ತ ಅಡಗಿಕೊಳ್ಳಲು ಅನುಕೂಲವಾದ ಕತ್ತಲೆಯ ಕೋಣೆಗಳು ಎದುರಾಗುತ್ತವೆ.

ಇದೇ ಅರಮನೆಯಲ್ಲಿ 1796ರಲ್ಲಿ ವೀರರಾಜೇಂದ್ರನು ಮಹದೇವಮ್ಮಾಜಿಯನ್ನು ಮದುವೆಯಾದನು. ಅರಮನೆಯ ಮುಂದಿರುವ ಮಂಟಪವನ್ನು ಆ ವಿವಾಹದ ನೆನಪಿನೊಡನೆ ಇಂದಿಗೂ ಸ್ಥಳೀಯರು ಜೋಡಿಸುತ್ತಾರೆ, ಮಡಿಕೇರಿಯ ಮಹದೇವಪೇಟೆಗೆ ಆಕೆಯದೇ ಹೆಸರು ಉಳಿದಿದೆ. ಆಕೆಯಲ್ಲಿ ಅರಸನಿಗೆ ನಾಲ್ವರು ಹೆಣ್ಣುಮಕ್ಕಳಾದರು, ಗಂಡುಮಗು ಹುಟ್ಟಲಿಲ್ಲ. 1807ರಲ್ಲಿ ರಾಣಿ ತೀರಿಕೊಂಡಳು. ಆ ಸಾವಿನಿಂದ ಅರಸನು ಚೇತರಿಸಿಕೊಳ್ಳಲಿಲ್ಲವೆಂಬುದರಲ್ಲಿ ಎಲ್ಲ ಮೂಲಗಳೂ ಒಂದೇ ಮಾತು ಹೇಳುತ್ತವೆ. ತನ್ನ ನಂತರ ರಾಜ್ಯವು ಮಹದೇವಮ್ಮಾಜಿಯ ಸಂತತಿಗೇ ಸಲ್ಲಬೇಕೆಂಬುದು ಅವನ ಉಳಿದ ದಿನಗಳ ಏಕೈಕ ಚಿಂತೆಯಾಯಿತು.

ಕೊಡಗಿನ ಇತಿಹಾಸದ ಮುಖ್ಯ ಆಕರವಾದ ರಾಜೇಂದ್ರನಾಮೆ ಹುಟ್ಟಿದ್ದು ಈ ಚಿಂತೆಯ ನಡುವೆ. 1633ರಿಂದ 1807ರವರೆಗಿನ ಅರಸರ ಕಥೆಯನ್ನು ಕನ್ನಡ ಗದ್ಯದಲ್ಲಿ ನಿರೂಪಿಸುವ ಈ ಗ್ರಂಥವನ್ನು ವೀರರಾಜೇಂದ್ರನೇ ಬರೆಯಿಸಿ, 1808ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಸಿದ್ಧವಾಗುವಂತೆ ನೋಡಿಕೊಂಡನು. ವಂಶಾವಳಿಯನ್ನು ಹೊಗಳುವ ಸಾಮಾನ್ಯ ಬಖೈರು, ಎಂದರೆ ಅರಸುಮನೆಗಳ ಗದ್ಯಚರಿತ್ರೆ, ಎಂದಷ್ಟೇ ಇದನ್ನು ಓದುವುದು ಸಾಲದು. ಕಂಪನಿಯ ಅಧಿಕಾರಿಗಳು ಓದಬೇಕೆಂದು, ಓದಿ ತನ್ನ ಋಣವನ್ನು ನೆನೆಯಬೇಕೆಂದು, ನೆನೆದು ತನ್ನ ಮಗಳನ್ನು ಕಾಯಬೇಕೆಂದು ಬರೆಯಿಸಿದ ಗ್ರಂಥವದು. ಒಂದು ರಾಜ್ಯದ ಚರಿತ್ರೆಯ ರೂಪದಲ್ಲಿರುವ ಒಬ್ಬ ತಂದೆಯ ಮನವಿ ಎಂದರೂ ಸಲ್ಲುತ್ತದೆ. ಅಷ್ಟಕ್ಕೇ ನಿಲ್ಲದೆ ಅವನು ಹಿರಿಯ ಮಗಳು ದೇವಮ್ಮಾಜಿಯ ಹಿತಕ್ಕಾಗಿ ಲಕ್ಷಾಂತರ ರೂಪಾಯಿಗಳನ್ನು ಕಂಪನಿ ಸರ್ಕಾರದ ಸಾಲಪತ್ರಗಳಲ್ಲಿ ತೊಡಗಿಸಿ, ಆಕೆಯನ್ನು ಸೋದೆಯ ಅರಸುಮನೆತನದವನಿಗೆ ಮದುವೆ ಮಾಡಿಕೊಟ್ಟು, ಪಟ್ಟವು ಆಕೆಗೂ ಆಕೆಯ ಮಕ್ಕಳಿಗೂ ಸಲ್ಲುವಂತೆ ಗವರ್ನರ್ ಜನರಲ್‌ನವರೆಗೆ ಬರೆದುಕೊಂಡನು.

ಹೆಣ್ಣುಮಗಳಿಗೆ ಪಟ್ಟ ಕಟ್ಟುವ ಈ ಆಲೋಚನೆ ಆ ನಾಡಿಗೆ ತೀರ ಹೊಸದೇನೂ ಆಗಿರಲಿಲ್ಲ. ಹಾಲೇರಿಯವರು ತಮ್ಮ ಮೂಲವೆಂದು ಹೇಳಿಕೊಂಡ ಕೆಳದಿಯಲ್ಲಿ ಚೆನ್ನಮ್ಮಾಜಿ ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಇಪ್ಪತ್ತೈದು ವರ್ಷಗಳಷ್ಟು ಕಾಲ ಆಳಿದ್ದಳು, 1763ರಲ್ಲಿ ಹೈದರನು ಬಿದನೂರನ್ನು ಗೆದ್ದಾಗ ಅಲ್ಲಿ ಅಧಿಕಾರದಲ್ಲಿದ್ದವಳು ರಾಣಿ ವೀರಮ್ಮಾಜಿ. ಕೊಡವರ ಪದ್ಧತಿಯಲ್ಲಿ ಆಸ್ತಿ ಮತ್ತು ಹೆಸರು ಒಕ್ಕದಲ್ಲಿ, ಎಂದರೆ ತಂದೆಯ ಕಡೆಯಿಂದ ಸಾಗಿ ಬರುವ ಕೂಡುಮನೆತನದಲ್ಲಿ, ಉಳಿಯುತ್ತವೆಯಾದರೂ ಗಂಡು ಸಂತತಿಯಿಲ್ಲದೆ ಒಕ್ಕ ಅಳಿಯುವ ಸ್ಥಿತಿ ಬಂದಾಗ ಮನೆಯ ಮಗಳ ಮಕ್ಕಳನ್ನು ತಾಯಿಯ ಒಕ್ಕಕ್ಕೇ ಸೇರಿಸುವ ಒಕ್ಕಪರಿಜೆ, ಮಕ್ಕಪರಿಜೆ ಎಂಬ ವಿವಾಹಕ್ರಮಗಳು ಬಳಕೆಯಲ್ಲಿದ್ದವು. ಆದ್ದರಿಂದ ಅರಸನ ಇಚ್ಛೆಯನ್ನು ದುಃಖದಲ್ಲಿ ಮುಳುಗಿದವನ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವನ ಕುಲದಲ್ಲೂ ಅವನ ಪ್ರಜೆಗಳಲ್ಲೂ ಅದಕ್ಕೆ ಆಧಾರವಿತ್ತು.

ಆದರೆ ಅದೇ ತಂದೆಯ ಕೈಗಳು ಶುದ್ಧವಾಗಿರಲಿಲ್ಲ. ರಾಣಿಯ ಮರಣಾನಂತರ ಅವನಲ್ಲಿ ಸಂಶಯ ಬೆಳೆದು, ತನ್ನನ್ನು ಮುಗಿಸಲು ಸುತ್ತಲಿನವರು ಹೊಂಚುಹಾಕುತ್ತಿದ್ದಾರೆಂಬ ಭಯದಲ್ಲಿ ಅನೇಕ ಅಧಿಕಾರಿಗಳನ್ನೂ ಸೇವಕರನ್ನೂ ಕೊಲ್ಲಿಸಿದನೆಂದೂ, ಉನ್ಮಾದ ಇಳಿದ ಮೇಲೆ ಪಶ್ಚಾತ್ತಾಪದಿಂದ ನರಳುತ್ತಿದ್ದನೆಂದೂ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1855ರಲ್ಲಿ ಪ್ರಕಟಿಸಿದ ಕೊಡಗಿನ ವೃತ್ತಾಂತದಲ್ಲಿ ದಾಖಲಿಸಿದ್ದಾನೆ. ಮಗಳ ರಕ್ಷಣೆಗೆ ನಿಲ್ಲಬಹುದಾಗಿದ್ದ ಅನುಭವಿಗಳನ್ನು ತಾನೇ ಅಳಿಸಿದ ಅರಸನು 1809ರಲ್ಲಿ ಕಣ್ಣುಮುಚ್ಚಿದಾಗ, 1796ರ ಮದುವೆಯ ಆ ಹಿರಿಯ ಮಗಳಿಗೆ ಹನ್ನೆರಡು ಹದಿಮೂರಕ್ಕಿಂತ ಹೆಚ್ಚು ವಯಸ್ಸಾಗಿರಲು ಸಾಧ್ಯವಿಲ್ಲ. ಆಕೆಯ ಗಂಡನಾದ ಸೋದೆಯ ರಾಜಕುಮಾರನು ಕೆಲಕಾಲ ಆಡಳಿತದಲ್ಲಿ ಕೈಯಾಡಿಸಿದರೂ, ಹೊರಗಿನವನೆಂಬ ಕಾರಣಕ್ಕೆ ಕೊಡಗಿನಲ್ಲಿ ಅವನ ಬೆನ್ನಿಗೆ ಯಾರೂ ನಿಲ್ಲದೆ ಹಿಂದೆ ಸರಿಯಬೇಕಾಯಿತು. ಲಿಂಗರಾಜನು ಮೊದಲು ಅಣ್ಣನ ಮಗಳ ಹೆಸರಿನಲ್ಲಿ ಆಡಳಿತ ನೋಡಿಕೊಳ್ಳುವ ಚಿಕ್ಕಪ್ಪನಾಗಿ ಬಂದು, 1811ರ ಹೊತ್ತಿಗೆ ತಾನೇ ಅರಸನೆಂದು ಸಾರಿದನು. ಅಣ್ಣನಿಂದ ಸೈನ್ಯಕ್ಕೆ ದಾರಿಯನ್ನೂ ಅನ್ನವನ್ನೂ ಪಡೆದಿದ್ದ ಕಂಪನಿಗೆ ಆಗ ಕೊಡಗಿನಲ್ಲಿ ಶಾಂತಿ ಬೇಕಾಗಿತ್ತು, ಬಾಲಕಿಯ ಹಕ್ಕು ಬೇಕಾಗಿರಲಿಲ್ಲ, ಅದು ತಡೆಯಲಿಲ್ಲ. ಈ ಮೌನವನ್ನು ಕೊಡಗಿನ ಚರಿತ್ರೆಯಲ್ಲಿ ಕಂಪನಿ ಎಸಗಿದ ಮೊದಲ ದ್ರೋಹವೆಂದು ಕರೆಯಬೇಕು, ಏಕೆಂದರೆ 1834ರಲ್ಲಿ ಅದೇ ಕಂಪನಿಯು ರಾಜಕುಟುಂಬದವರಿಗೆ ಆದ ಅನ್ಯಾಯವನ್ನು ಯುದ್ಧದ ಕಾರಣಗಳಲ್ಲಿ ಒಂದಾಗಿ ಎತ್ತಿ ತೋರಿಸಿತು.

ಲಿಂಗರಾಜೇಂದ್ರನನ್ನು ಕೇವಲ ಅಪಹಾರಿಯೆಂದು ಚಿತ್ರಿಸುವುದೂ ಸರಿಯಾಗದು. ಆಡಳಿತಗಾರನಾಗಿ ಅವನು ಸಮರ್ಥ. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ನಿಗದಿಪಡಿಸಿದ ಅವನ ಶಿಸ್ತು, ಅಧಿಕಾರಿಗಳ ಕರ್ತವ್ಯಗಳನ್ನು ವಿವರವಾಗಿ ವಿಧಿಸಿದ ಅವನ ಹುಕುಂನಾಮೆ, ಎಂದರೆ ಆಜ್ಞಾಸಂಹಿತೆ, ಮುಂದೆ ಕಂಪನಿಯ ಆಡಳಿತಕ್ಕೂ ತಳಹದಿಯಾದವು. ಕೋಟೆಯೊಳಗಿನ ಅರಮನೆಯನ್ನು 1812ರಿಂದ 1814ರ ನಡುವೆ ಕಲ್ಲು, ಇಟ್ಟಿಗೆಗಳಲ್ಲಿ ಮತ್ತೆ ಕಟ್ಟಿಸಿದವನೂ, 1820ರಲ್ಲಿ ಓಂಕಾರೇಶ್ವರ ದೇವಾಲಯವನ್ನು ಪೂರ್ಣಗೊಳಿಸಿದವನೂ ಅವನೇ. ಈ ದೇವಾಲಯದ ಬಗ್ಗೆ ಜನ ಹೇಳುವ ಐತಿಹ್ಯ ಮಾತ್ರ ಅರಸನ ಕೀರ್ತಿಗೆ ಸಂಬಂಧಿಸಿದ್ದಲ್ಲ: ಅವನು ಅನ್ಯಾಯವಾಗಿ ಕೊಲ್ಲಿಸಿದ ಬ್ರಾಹ್ಮಣನೊಬ್ಬನು ಬ್ರಹ್ಮರಾಕ್ಷಸನಾಗಿ ಕಾಡತೊಡಗಿದನೆಂದೂ, ಪರಿಹಾರಕ್ಕಾಗಿ ಕಾಶಿಯಿಂದ ಲಿಂಗವನ್ನು ತರಿಸಿ ಪ್ರತಿಷ್ಠಾಪಿಸಿದನೆಂದೂ ಅದು ಹೇಳುತ್ತದೆ. ಐತಿಹ್ಯವನ್ನು ಘಟನೆಯೆಂದು ಒಪ್ಪಬೇಕಾಗಿಲ್ಲ. ಆದರೆ ಪ್ರಜೆಗಳು ತಮ್ಮ ಅರಸನ ಭವ್ಯವಾದ ಗುಡಿಯನ್ನು ಪಾಪಪರಿಹಾರದ ಕಟ್ಟಡವೆಂದೇ ನೆನಪಿಟ್ಟುಕೊಂಡರೆಂಬುದು ಒಂದು ಐತಿಹಾಸಿಕ ಸಂಗತಿ, ಮತ್ತು ಆ ಆಳ್ವಿಕೆಯ ಬಗ್ಗೆ ಅದು ಅಂಕಿಅಂಶಗಳಷ್ಟೇ ಹೇಳುತ್ತದೆ.

1820ರಲ್ಲಿ ಲಿಂಗರಾಜೇಂದ್ರನು ತೀರಿಕೊಂಡು ಇಪ್ಪತ್ತು ವರ್ಷದ ಆಸುಪಾಸಿನ ಅವನ ಮಗ ಚಿಕ್ಕ ವೀರರಾಜೇಂದ್ರ ಪಟ್ಟಕ್ಕೆ ಬಂದನು. ತಂದೆಯ ಗದ್ದುಗೆಯ ಗುಮ್ಮಟವನ್ನು ಕಟ್ಟಿಸಿದ ಈ ಅರಸನ ಕಾಲದಲ್ಲೇ ದೊಡ್ಡಪ್ಪನ ಮಗಳು ದೇವಮ್ಮಾಜಿ ಕೊಲೆಯಾದಳು. ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಆಕೆ ಬದುಕಿರುವವರೆಗೆ ಹಾಲೇರಿ ಸಿಂಹಾಸನಕ್ಕೆ ಇನ್ನೊಬ್ಬ ಒಡತಿಯಿದ್ದಳು, ಕಂಪನಿಯ ಖಜಾನೆಯಲ್ಲಿ ಬಡ್ಡಿ ಬೆಳೆಯುತ್ತಿದ್ದ ಹಣಕ್ಕೂ ಆಕೆಯೇ ಒಡತಿ. ತಂದೆಯು ಮಗಳ ರಕ್ಷಣೆಗೆಂದು ನಿಲ್ಲಿಸಿದ ಎರಡು ಆಸರೆಗಳೂ, ಬರೆದ ಪಟ್ಟವೂ ಕಟ್ಟಿದ ಹಣವೂ, ಆಕೆಯ ಪ್ರಾಣಕ್ಕೆ ಎರವಾದವು.

ಅರಮನೆಯ ಒಳಗೆ ನಡೆದ ಕೊಲೆಗಳು ಒಂದಕ್ಕೆ ನಿಲ್ಲುವುದಿಲ್ಲವೆಂದು ಮೊದಲು ಅರಿತವಳು ಅರಸನ ಒಡಹುಟ್ಟಿದ ತಂಗಿ, ಲಿಂಗರಾಜೇಂದ್ರನ ಮಗಳು ದೇವಮ್ಮಾಜಿ. ಮಡಿಕೇರಿಯ ಸಮೀಪದ ಅಪ್ಪಗೊಳದಲ್ಲಿ ಗಂಡ ಚನ್ನಬಸಪ್ಪನೊಡನೆ ವಾಸವಾಗಿದ್ದ ಆಕೆ 1832ರಲ್ಲಿ ರಾತ್ರಿ ಹೊತ್ತು ಗಡಿ ದಾಟಿ ಮೈಸೂರಿನ ರೆಸಿಡೆಂಟ್ ಕಸಮೇಜರ್‌ನ ಆಶ್ರಯ ಬೇಡಿದಳು. ಆ ದಂಪತಿಗಳನ್ನು ಒಪ್ಪಿಸಬೇಕೆಂದು ಅರಸನು ಪಟ್ಟುಹಿಡಿದನು, ಕಂಪನಿ ಒಪ್ಪಲಿಲ್ಲ. ಸಂಧಾನಕ್ಕೆ ಕಳುಹಿಸಿದ ಕರುಣಾಕರ ಮೆನನ್ ಎಂಬ ಅಧಿಕಾರಿಯನ್ನು ಅರಸನು ಸೆರೆಯಲ್ಲಿಟ್ಟದ್ದರಿಂದ ಮಾತಿನ ದಾರಿ ಮುಚ್ಚಿತು. 1834ರ ಮಾರ್ಚಿನಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ಅರಸನ ಕ್ರೌರ್ಯ, ತಂಗಿಗೂ ಆಕೆಯ ಗಂಡನಿಗೂ ಆಶ್ರಯ ಕೊಟ್ಟದ್ದಕ್ಕಾಗಿ ಅವನು ಕಂಪನಿಗೆ ಮಾಡಿದ ಅವಮಾನ, ರಾಯಭಾರಿಯ ಬಂಧನ ಇವು ಮೂರೂ ಯುದ್ಧಕ್ಕೆ ಕಾರಣಗಳಾಗಿ ಬಂದವು. ಏಪ್ರಿಲ್ ಆರಂಭದಲ್ಲಿ ನಾಲ್ಕು ದಿಕ್ಕುಗಳಿಂದ ಸೈನ್ಯ ನುಗ್ಗಿತು. ಕೊಡವರು ಕಡಂಗಗಳ, ಎಂದರೆ ನಾಡಿನ ಗಡಿಗಳುದ್ದಕ್ಕೂ ತೋಡಿದ ಪ್ರಾಚೀನ ಯುದ್ಧಕಂದಕಗಳ, ಮರೆಯಿಂದ ಅಲ್ಲಲ್ಲಿ ಶೌರ್ಯದಿಂದ ಕಾದಿದರೂ ಅರಸನ ಎರಡು ಮನಸ್ಸು ಅವರ ಕೈ ಕಟ್ಟಿತು. 6ರಂದು ಮಡಿಕೇರಿಯ ಕೋಟೆ ಕಂಪನಿಯ ವಶವಾಯಿತು. ದೊಡ್ಡಪ್ಪನು ಸೆರೆಯ ಭಯದಿಂದ ಕಟ್ಟಿಸಿ, ಮದುವೆಯ ಸಂಭ್ರಮವನ್ನೂ ಕಂಡಿದ್ದ ನಾಲ್ಕುನಾಡು ಅರಮನೆಯಲ್ಲಿ ಅಡಗಿದ್ದ ಚಿಕ್ಕ ವೀರರಾಜೇಂದ್ರನು 10ರಂದು ಶರಣಾದನು, 24ರಂದು ಮಡಿಕೇರಿಯನ್ನು ಬಿಟ್ಟು ಹೊರಟನು. ನಾಯಿಗಳನ್ನು ನೋಡಿಕೊಳ್ಳುವ ಹುಡುಗನಾಗಿ ಬಂದು ದಿವಾನಗಿರಿಗೇರಿದ್ದ, ಕೊಲೆಗಳ ಗುಟ್ಟನ್ನೆಲ್ಲ ಬಲ್ಲ ಕುಂಟ ಬಸವನು ಕಂಪನಿಯವರ ಕೈಗೆ ಜೀವಂತವಾಗಿ ಸಿಗಲಿಲ್ಲ. ಮೇ 7ರ ಘೋಷಣೆಯೊಂದಿಗೆ ಕೊಡಗು, ಅಲ್ಲಿನ ಜನರ ಸರ್ವಾನುಮತದ ಇಚ್ಛೆಯೆಂಬ ಮಾತಿನೊಡನೆ, ಕಂಪನಿಯ ರಾಜ್ಯಕ್ಕೆ ಸೇರಿತು. ಅಪ್ಪಗೊಳದ ದಂಪತಿಗಳಿಗೆ ಪ್ರಾಣ ಉಳಿಯಿತು, ಅವರು ಆಶಿಸಿದ್ದ ಪಟ್ಟ ಸಿಗಲಿಲ್ಲ.

ಈ ದುರಂತವನ್ನು ಹೊರಗೆಡಹುವ ಮೂಲಗಳನ್ನು ಓದುವಾಗ ಎಚ್ಚರ ಬೇಕೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ರಾಜೇಂದ್ರನಾಮೆ ಉತ್ತರಾಧಿಕಾರದಲ್ಲಿ ಆಸಕ್ತಿಯಿದ್ದ ಅರಸನ ಗ್ರಂಥ. ಕಂಪನಿಯ ಕಾಗದಪತ್ರಗಳು ಒಂದು ರಾಜ್ಯವನ್ನು ನುಂಗಿದವರು ಅದಕ್ಕೆ ಕೊಟ್ಟುಕೊಂಡ ಸಮರ್ಥನೆಗಳು; ಅರಸನು ಎಷ್ಟು ಕ್ರೂರಿಯಾದಷ್ಟೂ ನುಂಗಿದ್ದು ಧರ್ಮಕಾರ್ಯವಾಗುತ್ತಿತ್ತು. 1853ರಲ್ಲಿ ಕೊಡಗಿಗೆ ಬಂದ ಮೋಗ್ಲಿಂಗ್‌ಗೆ ಘಟನೆಗಳನ್ನು ಕಣ್ಣಾರೆ ಕಂಡ ಮುದುಕರು ಇನ್ನೂ ಸಿಕ್ಕಿದ್ದರು, ಹತ್ತು ವರ್ಷಗಳ ಹಿಂದೆ ಮಂಗಳೂರ ಸಮಾಚಾರವನ್ನು ಹೊರಡಿಸಿದ್ದ ಅವನಿಗೆ ಕನ್ನಡವೂ ಚೆನ್ನಾಗಿ ಬರುತ್ತಿತ್ತು. ಆದರೂ ಅವನು ಮಿಷನರಿ, ಹಳೆಯ ಆಳ್ವಿಕೆಯ ಕತ್ತಲೆಯನ್ನು ಗಾಢವಾಗಿ ಬಣ್ಣಿಸುವುದರಲ್ಲಿ ಅವನಿಗೂ ಒಲವಿತ್ತು. ರಿಕ್ಟರನು 1870ರಲ್ಲಿ ಬರೆದ ಕೊಡಗಿನ ಕೈಪಿಡಿ ಬಹುಮಟ್ಟಿಗೆ ಮೋಗ್ಲಿಂಗನ ಹಾದಿಯನ್ನೇ ಹಿಡಿಯುತ್ತದೆ. ಆದರೆ ಈ ಪಕ್ಷಪಾತಗಳನ್ನೆಲ್ಲ ಕಳೆದರೂ ಉಳಿಯುವ ಸಂಗತಿಗಳಿವೆ: ಹಿರಿಯ ಮಗಳಿಗೆ ತಂದೆ ಬರೆದುಕೊಟ್ಟ ಹಕ್ಕು, ಆ ಹಕ್ಕನ್ನು ತಮ್ಮನು ಕಸಿದದ್ದು, ಆಕೆಯ ಹೆಸರಿಗೆ ಸಂಬಂಧಿಸಿದ ಹಣ, ಒಡಹುಟ್ಟಿದ ತಂಗಿಯೇ ಅಣ್ಣನಿಂದ ಪ್ರಾಣಭಯಪಟ್ಟು ಓಡಿಹೋದದ್ದು. ಕನ್ನಡ ಓದುಗರ ಮನಸ್ಸಿನಲ್ಲಿ ಈ ಮನೆತನದ ಚಿತ್ರ ಮೂಡಿರುವುದು ಹೆಚ್ಚಾಗಿ ಮಾಸ್ತಿಯವರು 1956ರಲ್ಲಿ ಪ್ರಕಟಿಸಿದ, ಮುಂದೆ 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯ ಸಂದರ್ಭದಲ್ಲಿ ಮತ್ತೆ ವ್ಯಾಪಕವಾಗಿ ಚರ್ಚೆಗೆ ಬಂದ ಚಿಕವೀರರಾಜೇಂದ್ರ ಕಾದಂಬರಿಯಿಂದ. ಆ ಮಹತ್ವದ ಕೃತಿ ತನ್ನ ವಸ್ತುವಿಗೆ ತಕ್ಕಂತೆ ಕೊನೆಯ ಅರಸನನ್ನೂ ಅವನ ತಂಗಿಯನ್ನೂ ಮುಂದೆ ತಂದು ನಿಲ್ಲಿಸಿದ್ದರಿಂದ, ಹಿಂದಿನ ತಲೆಮಾರಿನ ಆ ಬಾಲಕಿ ಜನರ ನೆನಪಿನಲ್ಲಿ ಇನ್ನಷ್ಟು ಹಿಂದಕ್ಕೆ ಸರಿದಳು.

ಅಳಿದ ಮನೆತನದ ಹೆಸರಿಗೆ ಮಾತ್ರ ಬಲ ಕುಂದಿರಲಿಲ್ಲ. ದೊಡ್ಡ ವೀರರಾಜೇಂದ್ರನ ತಮ್ಮ ಅಪ್ಪಾಜಿಯ ಸಂತತಿಯವರೆಂದು ಹೇಳಿಕೊಂಡು ಅಪರಂಪಾರ, ಕಲ್ಯಾಣಸ್ವಾಮಿ ಎಂಬ ಜಂಗಮರೂಪದ ನಾಯಕರು ಒಬ್ಬರ ಹಿಂದೆ ಒಬ್ಬರು ಕಾಣಿಸಿಕೊಂಡರು. ಜಂಗಮರೆಂದರೆ ಊರೂರು ಸಂಚರಿಸುವ ವೀರಶೈವ ಗುರುಗಳು. 1837ರಲ್ಲಿ ಪುಟ್ಟಬಸಪ್ಪನು ತಾನೇ ಆ ಕಲ್ಯಾಣಸ್ವಾಮಿಯೆಂದು ಸಾರಿದಾಗ ಸುಳ್ಯ, ಪುತ್ತೂರುಗಳ ಗೌಡರೂ ಇತರ ರೈತರೂ ಅವನ ಹಿಂದೆ ಮಂಗಳೂರಿನವರೆಗೆ ನಡೆದರು. ಕಂದಾಯವನ್ನು ದವಸದ ಬದಲು ನಾಣ್ಯದಲ್ಲೇ ಕಟ್ಟಬೇಕೆಂಬ ಕಂಪನಿಯ ಕಟ್ಟಳೆ ಅವರ ಸಿಟ್ಟಿಗೆ ಮೂಲವಾಗಿತ್ತು, ಹಾಲೇರಿಯ ಹೆಸರು ಆ ಸಿಟ್ಟಿಗೆ ಧ್ವಜವಾಯಿತು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷ ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು.

ಪದಚ್ಯುತ ಅರಸನನ್ನು ವೇಲೂರಿನ ಮೂಲಕ ಕಾಶಿಗೆ ಕಳುಹಿಸಿ ಅಲ್ಲಿ ಪಿಂಚಣಿಯ ಮೇಲೆ ಇರಿಸಿದ್ದರು. ಅವನ ಒಬ್ಬ ಮಗಳನ್ನು 1850ರಲ್ಲಿ ನೇಪಾಳದ ಪ್ರಧಾನಿ ಜಂಗ್ ಬಹಾದ್ದೂರ್ ಕಾಶಿಯಲ್ಲಿ ಮದುವೆಯಾದನು. ಇನ್ನೊಬ್ಬ ಮಗಳು, 1841ರಲ್ಲಿ ಅಲ್ಲೇ ಹುಟ್ಟಿದ ಗೌರಮ್ಮ, 1852ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋದಳು. ಅಲ್ಲಿ ರಾಣಿ ವಿಕ್ಟೋರಿಯಾ ಆಕೆಯ ಧರ್ಮಮಾತೆಯಾಗಿ ನಿಂತು ಬ್ಯಾಪ್ಟಿಸಂ ಮಾಡಿಸಿ ತನ್ನ ಹೆಸರನ್ನೇ ಇಟ್ಟಳು. ಮಗಳನ್ನು ಹೀಗೆ ಒಪ್ಪಿಸಿದ ತಂದೆಗೆ ಆಕೆಯನ್ನು ಕಾಣುವ ಅವಕಾಶವನ್ನು ಕ್ರಮೇಣ ಕಡಿಮೆ ಮಾಡಲಾಯಿತು. ಆಕೆ ಒಂದು ಮನೆಯಿಂದ ಇನ್ನೊಂದು ಮನೆಗೆ, ಒಬ್ಬ ಪೋಷಕರಿಂದ ಇನ್ನೊಬ್ಬರಿಗೆ ಹಸ್ತಾಂತರವಾಗುತ್ತ ಬೆಳೆದಳು. ವಿಂಟರ್‌ಹಾಲ್ಟರ್ ಆಕೆಯ ಚಿತ್ರ ಬರೆದನು, ಮರೊಕೆಟ್ಟಿ ಅಮೃತಶಿಲೆಯಲ್ಲಿ ಆಕೆಯ ಅರ್ಧಮೂರ್ತಿ ಕಡೆದನು. ಪಂಜಾಬಿನ ಪದಚ್ಯುತ ದೊರೆ ದುಲೀಪ್ ಸಿಂಗನಿಗೆ ಕೊಟ್ಟು ಮದುವೆ ಮಾಡುವ ರಾಣಿಯ ಯೋಚನೆ ಕೈಗೂಡದೆ, 1860ರಲ್ಲಿ ಆಕೆ ತನಗಿಂತ ಬಹಳ ಹಿರಿಯನಾದ ಸೇನಾಧಿಕಾರಿ ಕ್ಯಾಂಬೆಲ್‌ನನ್ನು ವಿವಾಹವಾಗಿ, 1861ರಲ್ಲಿ ಎ‌ಡಿತ್ ಎಂಬ ಮಗಳನ್ನು ಹೆತ್ತು, 1864ರಲ್ಲಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡಳು. ಆಕೆಯ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಮೂರು ವರ್ಷಗಳ ನಂತರ ಕ್ಯಾಂಬೆಲ್ ಕಾಣೆಯಾದನು.

ಮಗಳನ್ನು ರಾಣಿಯ ಮಡಿಲಿಗೆ ಹಾಕಿದ್ದರಲ್ಲಿ ಆಕೆಯ ವಿದ್ಯಾಭ್ಯಾಸದ ಆಸೆಯಷ್ಟೇ ಇರಲಿಲ್ಲ. ದೊಡ್ಡ ವೀರರಾಜೇಂದ್ರನು ತನ್ನ ಮಗಳು ದೇವಮ್ಮಾಜಿಗಾಗಿ ಕಂಪನಿಯಲ್ಲಿ ತೊಡಗಿಸಿದ್ದ ಆ ಹಳೆಯ ಸಾಲಪತ್ರಗಳ ಹಣ, ಕುಟುಂಬದ ವಾರಸುದಾರನಾದ ತನಗೆ ಸಲ್ಲಬೇಕೆಂದು ವಾದಿಸುವುದೂ ಚಿಕ್ಕ ವೀರರಾಜೇಂದ್ರನ ಇಂಗ್ಲೆಂಡ್ ಪ್ರಯಾಣದ ಉದ್ದೇಶವಾಗಿತ್ತು. ತನ್ನ ಆಳ್ವಿಕೆಯಲ್ಲಿ ಕೊಲೆಯಾದ ದಾಯಾದಿ ಸೋದರಿಯ ಹಣಕ್ಕೆ ಅವನು ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಿದನು. ಆ ಹಣವನ್ನು ಇಟ್ಟುಕೊಂಡಿದ್ದ ಕಂಪನಿ ಎದುರಾಳಿಯಾಗಿ ನಿಂತಿತು. 1859ರಲ್ಲಿ ಅವನು ಲಂಡನ್ನಿನಲ್ಲೇ ತೀರಿಕೊಂಡು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಸಮಾಧಿಯಾದನು. ಮೊಕದ್ದಮೆ ಅವನ ಕಡೆಗಾಗಲಿಲ್ಲ. ಯುದ್ಧದಲ್ಲಿ ಸೋತ ಅರಸನಿಂದ ವಶಪಡಿಸಿಕೊಂಡ ಆ ಪತ್ರಗಳ ವಿಷಯವು ರಾಜ್ಯಕೃತ್ಯ, ಎಂದರೆ ಒಂದು ಸಾರ್ವಭೌಮ ಅಧಿಕಾರವು ಇನ್ನೊಂದರ ವಿರುದ್ಧ ಕೈಗೊಂಡ, ಸಾಮಾನ್ಯ ನ್ಯಾಯಾಲಯಗಳ ವಿಚಾರಣೆಗೆ ಒಳಪಡದ ಕಾರ್ಯ, ಎಂದು ನ್ಯಾಯಾಲಯ ತೀರ್ಮಾನಿಸಿತು, ಮತ್ತು ಕೊಡಗಿನ ರಾಜನ ಈ ಮೊಕದ್ದಮೆ ಆ ತತ್ತ್ವಕ್ಕೆ ಪೂರ್ವನಿದರ್ಶನವಾಗಿ ಕಾನೂನು ಗ್ರಂಥಗಳನ್ನು ಸೇರಿತು. ಅರಸನದೋ ಕಂಪನಿಯದೋ ಎಂದು ಅಲ್ಲಿ ವಾದ ನಡೆದ ಆ ಹಣವನ್ನು ಅರ್ಧ ಶತಮಾನದ ಹಿಂದೆ ಮಡಿಕೇರಿಯ ತಂದೆಯೊಬ್ಬನು ತಾಯಿಯಿಲ್ಲದ ಮಗಳ ಭದ್ರತೆಗೆಂದು ಎತ್ತಿಟ್ಟಿದ್ದನು.